ಅಳತೆಯ ಸಾಧನದಲ್ಲೇ ದೋಷವಿದ್ದರೆ?

ವರ್ನಿಯರ್ ಕ್ಯಾಲಿಪರ್ಸಿನ ದವಡೆಗಳು ಕೂಡಿದಾಗ ಎರಡು ಸೊನ್ನೆಗಳೂ ಹೊಂದದಿದ್ದರೆ ನೀವೇನು ಮಾಡುತ್ತೀರಿ? ಶೂನ್ಯದೋಷವನ್ನು ಬರೆದುಕೊಂಡು ಪ್ರತಿ ಅಳತೆಯನ್ನೂ ತಿದ್ದುತ್ತೀರಿ. ತಿದ್ದದೆ ನೂರು ಸಲ ಅಳೆದು ಸರಾಸರಿ ತೆಗೆದರೂ ತಪ್ಪು ಹಾಗೆಯೇ ಉಳಿಯುತ್ತದೆ. ಮನುಷ್ಯರನ್ನು ಅಳೆಯುವಾಗ ಮಾತ್ರ ಈ ಪಾಠ ನಮಗೆ ಮರೆತುಹೋಗುತ್ತದೆ.

ಕ್ಯಾಂಪಸ್ ಸಂದರ್ಶನಕ್ಕೆ ಬರುವ ಹಲವು ಸಾಫ್ಟ್‌ವೇರ್ ಕಂಪನಿಗಳು ಹತ್ತನೆಯ ತರಗತಿಯಿಂದ ಪದವಿಯವರೆಗೆ ಪ್ರತಿ ಹಂತದಲ್ಲೂ ಶೇಕಡ 60 ಅಂಕ ಕೇಳುತ್ತವೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಕನ್ನಡ ಮಾಧ್ಯಮದವಳು. ಹತ್ತರಲ್ಲಿ 57, ಪದವಿಯಲ್ಲಿ 78. ಅವಳನ್ನು ಪರೀಕ್ಷೆಗೇ ಕೂರಿಸಲಿಲ್ಲ. 'ನಮಗೆ ಪ್ರತಿಭೆಯೊಂದೇ ಮುಖ್ಯ' ಎಂಬ ಉತ್ತರ ಬಂತು. ವಸ್ತುವಿನ ಆರಂಭದ ಸ್ಥಾನವನ್ನು ಮಾತ್ರ ನೋಡಿ, ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಎಂಥ ಭೌತವಿಜ್ಞಾನ?

ಈ ವಾದ ನಮ್ಮ ನಾಡಿಗೆ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ಸರ್ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಇದರಿಂದ ಆಡಳಿತದ ದಕ್ಷತೆ ಕುಗ್ಗುತ್ತದೆಂಬುದು ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಆತಂಕ. ಈ ಭಿನ್ನಾಭಿಪ್ರಾಯದ ನಡುವೆ ಅವರು ಅದೇ ವರ್ಷ ಅಧಿಕಾರ ಬಿಟ್ಟರು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳದರ್ಜೆಯವುಗಳಲ್ಲಿ ಮೂರನೇ ಎರಡು ಭಾಗ ಈ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ 1919ರಲ್ಲಿ ಶಿಫಾರಸು ಮಾಡಿತು.

ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆ ಪ್ರಶ್ನಾತೀತ. ಆದರೆ ಅವರ ಆತಂಕಕ್ಕೆ ಉತ್ತರ ಅವರೇ ಕಟ್ಟಿ ಬೆಳೆಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದೆ ಎಂದು ನನಗನ್ನಿಸುತ್ತದೆ. 1923ರಲ್ಲಿ ಅಲ್ಲಿ ಇದ್ದಿಲಿನಿಂದ ಉರಿಯುವ ಊದುಕುಲುಮೆ ಉತ್ಪಾದನೆ ಆರಂಭಿಸಿತು. ಅಂಥ ಕುಲುಮೆಯನ್ನೇ ಕಾಣದಿದ್ದ ಊರಿನ ಜನ ಅದನ್ನು ನಡೆಸಲು ಕಲಿತರು. ಅವರ ಅರ್ಹತೆ ಮೊದಲೇ ಸಿದ್ಧವಾಗಿರಲಿಲ್ಲ. ಅವಕಾಶ ಮತ್ತು ತರಬೇತಿಯಿಂದ ಅದು ರೂಪುಗೊಂಡಿತು.

ಯಂತ್ರ ಆರಿಸಿದರೆ ಪಕ್ಷಪಾತವಿರದು ಎನ್ನುವವರಿದ್ದಾರೆ. ಅಮೆಜಾನ್ ಕಂಪನಿ ಪ್ರಯೋಗಾರ್ಥ ರಚಿಸಿದ್ದ ಆಯ್ಕೆಯ ತಂತ್ರಾಂಶದ ಕಥೆಯನ್ನು 2018ರಲ್ಲಿ ರಾಯ್ಟರ್ಸ್ ಪ್ರಕಟಿಸಿತು. ಹತ್ತು ವರ್ಷಗಳ ಅರ್ಜಿಗಳಿಂದ ಅದು ಪಾಠ ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ 'ಮಹಿಳೆಯರ' ಎಂಬ ಪದವಿದ್ದ ಅರ್ಜಿಗೆ ಅದು ಕಡಿಮೆ ಅಂಕ ಕೊಡುತ್ತಿತ್ತು. ಕಂಪನಿ ಕೊನೆಗೆ ಅದನ್ನು ಕೈಬಿಟ್ಟಿತು. ಹಳೆಯ ಶೂನ್ಯದೋಷ ಹೊಸ ಉಪಕರಣಕ್ಕೆ ದಾಟಿತ್ತು, ಅಷ್ಟೆ.

ಅರ್ಹತೆ ಬೇಡವೆಂದು ನಾನು ಹೇಳುತ್ತಿಲ್ಲ. ತಪ್ಪು ಪ್ರೋಗ್ರಾಂ ಯಾರೇ ಬರೆದರೂ ತಪ್ಪೇ. ನಾನು ಕೇಳುವುದು ಅಳತೆಯ ಸಾಧನವನ್ನು ಪರೀಕ್ಷಿಸಿ ಎಂದಷ್ಟೆ. ಶಿಕ್ಷಕ ಮಿತ್ರರೇ, ಮುಂದಿನ ಸಲ ಕಂಪನಿಯವರು ಬಂದಾಗ ಒಂದು ಪ್ರಶ್ನೆ ಕೇಳಿ: ಹತ್ತನೆಯ ತರಗತಿಯ ಅಂಕಕ್ಕೂ ನಿಮ್ಮಲ್ಲಿ ಮಾಡಬೇಕಾದ ಕೆಲಸಕ್ಕೂ ಸಂಬಂಧವಿದೆಯೆಂದು ಅಳೆದು ನೋಡಿದ್ದೀರಾ? ಉತ್ತರ ಬಾರದಿದ್ದರೆ ನಿಮ್ಮ ವಿದ್ಯಾರ್ಥಿಯನ್ನು ಪರೀಕ್ಷೆಗಾದರೂ ಕೂರಿಸಿರೆಂದು ಒತ್ತಾಯಿಸಿ.