ಗೋರಿಯೂ ಹೂರೆಂಬೆಯೂ

ಐರ್ಲೆಂಡಿನ ಕಿಲ್ಕೆನಿ ಸೀಮೆಯಲ್ಲಿ, ನೋರ್ ಎಂಬ ಹೊಳೆಯ ದಡದಲ್ಲಿ, ಇನಿಶ್‌ಟೀಗ್ ಎಂಬ ಸಣ್ಣ ಊರುಂಟು. ಹತ್ತು ಕಮಾನುಗಳ ಹಳೆಯ ಸೇತುವೆ, ಅಗಸ್ಟೀನ್ ಪಂಥದವರ ಮಠದ ಅವಶೇಷ, ಇಗರ್ಜಿಯ ಹಿಂದಣ ಗೋರಿ ಇವು ಆ ಊರಿನ ಹೆಮ್ಮೆ. ಗೋರಿಯೊಳಗೆ ಒರಗಿರುವ ಹೆಂಗಸಿನ ಶಿಲಾಪ್ರತಿಮೆಯನ್ನು ಕಡೆದವನು ಪ್ರಸಿದ್ಧ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್. ಆ ಹೆಂಗಸು ಕವಯಿತ್ರಿ ಮೇರಿ ಟೈ.

ಈಕೆ 1772ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದಳು. ‘ಸೈಕಿ’ ಎಂಬ ಕಾವ್ಯವನ್ನು 1805ರಲ್ಲಿ ಆಪ್ತರಿಗಾಗಿ 50 ಪ್ರತಿಗಳಷ್ಟೇ ಅಚ್ಚುಹಾಕಿಸಿದಳು. ಆರು ಸರ್ಗಗಳ ಈ ಕಾವ್ಯದ ಕಥೆ ಲ್ಯಾಟಿನ್ ಗ್ರಂಥಕಾರ ಅಪುಲೇಯಸನಿಂದ ಬಂದುದು. ಮನ್ಮಥನ ಮಡದಿಯಾದ ಸೈಕಿ ಅವನನ್ನು ಕಳೆದುಕೊಂಡು ಅರಸುವ ವೃತ್ತಾಂತ. ಮೂಲದಲ್ಲಿಲ್ಲದ ಕಲ್ಪನೆಯೊಂದನ್ನು ಕವಯಿತ್ರಿ ಇದಕ್ಕೆ ತಂದಿರುವಳು. ಮುಖ ಮರೆಸಿಕೊಂಡ ವೀರನೊಬ್ಬನು ಸೈಕಿಗೆ ದಾರಿಯಲ್ಲಿ ಬೆಂಗಾವಲಾಗುವನು; ಕಡೆಗೆ ಅವನೇ ಮನ್ಮಥನೆಂದು ತಿಳಿಯುವುದು. ಅರಸುತ್ತಿದ್ದವನು ಜೊತೆಯಲ್ಲೇ ನಡೆಯುತ್ತಿದ್ದನೆಂಬ ಈ ಧ್ವನಿ ರಮ್ಯವಾದುದು. ಆದರೆ ಸ್ಪೆನ್ಸರನ ಒಂಬತ್ತು ಸಾಲಿನ ಪದ್ಯಬಂಧದೊಡನೆ ಅವನ ರೂಪಕಪದ್ಧತಿಯನ್ನೂ ಹಿಡಿದುದರಿಂದ, ಮತ್ಸರ, ಮುಖಸ್ತುತಿ ಮೊದಲಾದುವು ಪಾತ್ರಗಳಾಗಿ ಬಂದು ಕಥೆಯ ಓಟಕ್ಕೆ ಅಡ್ಡನಿಲ್ಲುವುವು. ಎಳೆಯ ವಯಸ್ಸಿನಲ್ಲಿ ಈಕೆಯನ್ನು ಮೆಚ್ಚಿದ್ದ ಕೀಟ್ಸನು, ಆ ಮೆಚ್ಚಿಕೆ ತೀರಿತೆಂದು 1818ರ ಕೊನೆಯಲ್ಲಿ ಪತ್ರವೊಂದರಲ್ಲಿ ಬರೆದನು. ಮಾತು ಕಟುವಾದರೂ ನಿರಾಧಾರವಲ್ಲ.

ಕ್ಷಯದಿಂದ ನವೆದು ಮೇರಿ ಟೈ 1810ರ ಮಾರ್ಚ್ 24ರಂದು ಊರಿನ ಬಳಿಯ ವುಡ್‌ಸ್ಟಾಕ್ ಬಂಗಲೆಯಲ್ಲಿ ತೀರಿಕೊಂಡಳು. ಮರುವರ್ಷ ಹೊರಬಂದ ಸಂಕಲನದಿಂದ ಆಕೆಯ ಹೆಸರು ಹಬ್ಬಿತು. ಫೆಲಿಷಿಯ ಹೆಮನ್ಸ್ 1828ರಲ್ಲಿ ‘ಕವಯಿತ್ರಿಯ ಗೋರಿ’ ಎಂಬ ಕವನವನ್ನು ಪ್ರಕಟಿಸಿದಳು. ಆಕೆ ವುಡ್‌ಸ್ಟಾಕನ್ನು ಕಣ್ಣಾರೆ ಕಂಡುದು 1831ರಲ್ಲಿ. ಭೂಮಿಯ ಚೆಲುವನ್ನು ಬಿಟ್ಟುಹೋದವಳಿಗಾಗಿ ಮೊದಲು ಮರುಗಿ, ಬಳಿಕ ಪರಲೋಕದಲ್ಲಿ ಇದಕ್ಕೂ ಮಿಗಿಲಾದ ಶಾಂತಿ ಆಕೆಗೆ ದೊರೆಯಿತೆಂದು ಕವನ ಸಮಾಧಾನಗೊಳ್ಳುವುದು. ನಡೆ ಇಂಪಾಗಿದೆ. ಆದರೆ ಆ ಶಾಂತಿ ಯಾರದು?

ಮೇರಿ ಟೈಯ ಕಟ್ಟಕಡೆಯ ಕವನ ಬೇರೆ ಮಾತನ್ನಾಡುವುದು. 1809ರ ಡಿಸೆಂಬರಿನಲ್ಲಿ ವುಡ್‌ಸ್ಟಾಕಿನ ಮೆಜೀರಿಯನ್ ಗಿಡ ಅಕಾಲದಲ್ಲಿ ಅರಳಿತು. ಅದರ ರೆಂಬೆಯೊಂದು ರೋಗಿಯ ಕೈಸೇರಿತು. ಎಲೆ ಚಿಗುರುವ ಮುಂಚೆಯೇ ಬರಿಯ ಕಡ್ಡಿಯ ಮೇಲೆ ಹೂ ತಳೆಯುವ, ಬಲು ಕಂಪಿನ ಗಿಡವದು. ವಿಷದ ಗಿಡವೂ ಹೌದು. ಆ ಕಂಪು ಬದುಕುವ ಆಸೆಯನ್ನು ಕೆರಳಿಸುವುದು. ಆಸೆ ಸುಳ್ಳೆಂದು ಬುದ್ಧಿ ಹೇಳುವುದು. ಆದರೂ ಮನಸ್ಸು ಪ್ರಿಯರನ್ನು ಬಿಡಲೊಲ್ಲದು. ತನ್ನನ್ನು ಮರೆಯದಿರಿ, ಮರೆಯುವುದಾದರೆ ತನ್ನ ತಪ್ಪುಗಳನ್ನಷ್ಟೇ ಮರೆಯಿರಿ ಎಂದು ಆಕೆ ನಂಟರಿಷ್ಟರನ್ನು ಬೇಡುವಳು. ಇಲ್ಲಿ ರೂಪಕದ ವೇಷವಿಲ್ಲ, ಪುರಾಣದ ದೂರವಿಲ್ಲ. ಆರು ಸರ್ಗಗಳಿಗೆ ದೊರೆಯದ ಕರುಣರಸ ಒಂದು ರೆಂಬೆಯ ನೆವದಿಂದ ತಾನಾಗಿ ಒದಗಿದೆ.

ವುಡ್‌ಸ್ಟಾಕ್ ಬಂಗಲೆ 1922ರಲ್ಲಿ ಬೆಂಕಿಗೆ ತುತ್ತಾಗಿ ಬರಿಗೋಡೆಗಳು ಉಳಿದುವು. ಸುತ್ತಣ ತೋಟ ಈಗ ಜನರಿಗೆ ತೆರೆದಿದೆ. ಊರು ತನ್ನ ಕಲ್ಲನ್ನು ಕಾಪಾಡುವುದು ಧರ್ಮವೇ ಸರಿ. ಆದರೆ ಕಲ್ಲು ಆಕೆ ಶಾಂತಳೆನ್ನುವುದು. ಕವನ ಅದನ್ನು ಒಪ್ಪದು. ಕವನವನ್ನೋದದೆ ಗೋರಿಯನ್ನಷ್ಟೇ ನೋಡಿ ಮರಳುವವನು ಊರನ್ನು ಕಂಡಾನು. ಅಲ್ಲಿ ಕೊನೆಯುಸಿರೆಳೆದವಳನ್ನು ಕಾಣಲಾರನು.