ಹಾರುವ ಮುಂಚಿನ ಕೆಲಸ

ಬೈಂದೂರು, ಕುಂದಾಪುರ, ಬ್ರಹ್ಮಾವರದವರಿಗೆ ಏರ್ ಆಂಬುಲೆನ್ಸ್ ಅಂದರೂ ಮೊದಲು ರಸ್ತೆಯೇ. ಹತ್ತಿರದ ವಿಮಾನ ನಿಲ್ದಾಣ ಮಂಗಳೂರಿನ ಬಜ್ಪೆ. ಅಲ್ಲಿಯವರೆಗೆ ಹೆದ್ದಾರಿ 66ರ ಮೇಲೆ ವೆಂಟಿಲೇಟರ್ ಇರುವ ಆಂಬುಲೆನ್ಸೇ ಗತಿ. ಬಹಳಷ್ಟು ರೋಗಿಗಳಿಗೆ ಮಣಿಪಾಲದ ಆಸ್ಪತ್ರೆಯೇ ಸಾಕಾಗುತ್ತದೆ, ಅದು ನಮ್ಮ ಕಡೆಯವರ ಪುಣ್ಯ. ಬೆಂಗಳೂರಿಗೋ ಚೆನ್ನೈಗೋ ಹೋಗಲೇಬೇಕಾದಾಗ ವಿಮಾನದ ಮಾತು.

ವೇಗವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹಿಡಿಸುವುದು ಹೊರಡುವ ಮುಂಚಿನ ಸಿದ್ಧತೆ. ವಿಮಾನ ಮೇಲೇರಿದಾಗ ಕ್ಯಾಬಿನ್ನಿನ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ಆಗ ದೇಹದೊಳಗೆ ಸಿಕ್ಕಿಕೊಂಡ ಗಾಳಿ ಮೂರನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದರೆ ನೆಲದ ಮೇಲಿರುವಾಗಲೇ ಕೊಳವೆ ಹಾಕಿ ತೆಗೆಯುತ್ತಾರೆ. ಉಸಿರಾಟದ ಕೊಳವೆಯ ತುದಿಯಲ್ಲೊಂದು ಪುಟ್ಟ ಬಲೂನು ಇರುತ್ತದೆ. ಅದು ಉಬ್ಬಿ ಶ್ವಾಸನಾಳವನ್ನು ಒತ್ತಬಾರದೆಂದು ಕೆಲವರು ಗಾಳಿಯ ಬದಲು ಸಲೈನ್ ತುಂಬುತ್ತಾರೆ. ಕೆಲವರು ಮೀಟರ್ ಹಿಡಿದು ಒತ್ತಡ ನೋಡುತ್ತಲೇ ಇರುತ್ತಾರೆ. ತಲೆಬುರುಡೆಯೊಳಗೆ ಗಾಳಿ ಇದ್ದವರಿಗಾಗಿ ಪೈಲಟ್ ಕೆಳಮಟ್ಟದಲ್ಲೇ ಹಾರಿಸುವುದೂ ಉಂಟು, ಇಂಧನ ಹೆಚ್ಚು ಸುಟ್ಟರೂ ಸರಿ. ಎಂಜಿನ್ ಸದ್ದಿನಲ್ಲಿ ಸ್ಟೆತಸ್ಕೋಪ್ ಹೆಚ್ಚು ಪ್ರಯೋಜನಕ್ಕೆ ಬಾರದು. ಡಾಕ್ಟರ ಕಣ್ಣೆಲ್ಲ ಮಾನಿಟರಿನ ಗೆರೆಗಳ ಮೇಲೆ.

ಖರ್ಚು ಲಕ್ಷಗಳಲ್ಲಿ. ಮಳೆಗಾಲದಲ್ಲಿ ಮೋಡ ಕವಿದರೆ ಹಾರಾಟವೂ ಅನುಮಾನ. ಕೆಲವೊಮ್ಮೆ ರಸ್ತೆಯೇ ಸಾಕಾಗುವುದೂ ಉಂಟು. 2020ರ ಫೆಬ್ರವರಿಯಲ್ಲಿ ಮಂಗಳೂರಿನ 40 ದಿನದ ಕೂಸೊಂದನ್ನು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸ್ ಚಾಲಕರೊಬ್ಬರು ರಸ್ತೆಯಲ್ಲೇ ಸುಮಾರು ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸಿದ್ದರು. ಪೊಲೀಸರು ದಾರಿಯುದ್ದಕ್ಕೂ ಬೇರೆ ವಾಹನ ತಡೆದು ದಾರಿ ಬಿಡಿಸಿಕೊಟ್ಟಿದ್ದರು.