ಕಾವ್ಯದ ಪರಾಗವೂ ಬಯಲಿನ ಪರಾಗವೂ

ಅಮರಕೋಶವು ಮಕರಂದವನ್ನು ಹೂವಿನ ರಸವೆಂದೂ ಪರಾಗವನ್ನು ಹೂವಿನ ಧೂಳಿಯೆಂದೂ ಬೇರ್ಪಡಿಸಿ ಹೇಳಿದೆ. ಹೀಗಿದ್ದರೂ ಪಾಠ ಹೇಳುವಾಗ ಇವೆರಡನ್ನೂ ಒಂದೇ ಮಾತಿನಲ್ಲಿ ಮುಗಿಸುವ ರೂಢಿಯುಂಟು. ಇದು ಅಲ್ಪದೋಷವೆಂದು ತೋರಬಹುದು. ಆದರೆ ಇದರಿಂದ ಕಾವ್ಯಾರ್ಥಕ್ಕೇ ಕುಂದು ಬರುತ್ತದೆ. ತುಂಬಿಯು ಹೂವಿಗೆ ಬರುವುದು ರಸದ ಆಸೆಯಿಂದ. ಹೂವು ಕಾಯಾಗುವುದಾದರೋ ತುಂಬಿಯ ಮೈಗಂಟಿದ ಧೂಳಿಯಿಂದ.

ಕ್ರಿ.ಶ. 941ರ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯಾದರೂ ಹುಟ್ಟಬೇಕೆಂಬ ಹಂಬಲವಿದೆಯಷ್ಟೆ. ಅಲ್ಲಿ ತುಂಬಿಯು ಬರಿಯ ಅಲಂಕಾರವಲ್ಲ. ನೆಲಕ್ಕೂ ಹೂವಿಗೂ ಋಣಿಯಾದ ಜೀವಿ. ಪಂಪನು ಪರಾಗಸ್ಪರ್ಶದ ಶಾಸ್ತ್ರವನ್ನು ಬಲ್ಲನೆಂದು ಸಾಧಿಸಹೊರಡುವುದು ವ್ಯರ್ಥಸಾಹಸ. ಕಂಡ ಸಂಬಂಧವನ್ನು ಹುಸಿಯಿಲ್ಲದೆ ಹಿಡಿದನೆನ್ನುವುದು ಯುಕ್ತ. ಕವಿಸಮಯಕ್ಕೆ ಅಪವಾದವೂ ಉಂಟು. ನಮ್ಮ ಎಕ್ಕದ ಪರಾಗವು ಧೂಳಿಯಾಗಿ ಉದುರುವುದೇ ಇಲ್ಲ. ಪುಟ್ಟ ಗಂಟುಗಳಾಗಿ, ಮರ ಕೊರೆಯುವ ಕರಿದುಂಬಿಯ ಕಾಲಿಗೆ ಸಿಕ್ಕಿಕೊಂಡು ಹೂವಿನಿಂದ ಹೂವಿಗೆ ಸಾಗುತ್ತದೆ.

ಇನ್ನು, ಈ ಪದ್ಯವನ್ನು ದಾವಣಗೆರೆಯಲ್ಲಿಯೋ, 1224ರ ಹೊಯ್ಸಳ ದೇವಾಲಯದಿಂದ ಪ್ರಸಿದ್ಧವಾದ ತುಂಗಭದ್ರಾತೀರದ ಹರಿಹರದಲ್ಲಿಯೋ ಓದುವ ವಿದ್ಯಾರ್ಥಿಯ ಕಣ್ಣಿಗೆ ಬೀಳುವ ಹೂವು ಯಾವುದು? ದಾರಿಯ ಇಕ್ಕೆಲದಲ್ಲಿಯೂ ಪಾಳುನೆಲದಲ್ಲಿಯೂ ಬೆಳೆದ ಕಾಂಗ್ರೆಸ್ ಗಿಡದ ಬಿಳಿಹೂವು. ಅಮೆರಿಕಾ ಖಂಡದ ಈ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ದೇಶವನ್ನೇ ವ್ಯಾಪಿಸಿತು. ಇದರ ಪರಾಗವು ಕೆಲವರಿಗೆ ಸೀನು, ಉಬ್ಬಸಗಳನ್ನು ತರುತ್ತದೆ. ಅಷ್ಟೇ ಅಲ್ಲ, ಅದು ಅನ್ಯಸಸ್ಯಗಳ ಶಲಾಕಾಗ್ರದ ಮೇಲೆ ರಾಶಿಯಾಗಿ ಬಿದ್ದರೆ ಅವು ಕಾಯಿಕಟ್ಟುವುದು ಕುಗ್ಗುತ್ತದೆಂದು ಬೆಂಗಳೂರು ವಿಶ್ವವಿದ್ಯಾನಿಲಯದ ಇಬ್ಬರು ಸಸ್ಯಶಾಸ್ತ್ರಜ್ಞರು 1980ರಲ್ಲಿ ಪ್ರಕಟಿಸಿದರು. ಫಲಕ್ಕೆ ಕಾರಣವಾಗಬೇಕಾದ ಧೂಳಿಯೇ ಇಲ್ಲಿ ಪರರ ಫಲಕ್ಕೆ ವಿಘ್ನವಾಗಿದೆ.

ಆದ್ದರಿಂದ ಪರಾಗವೆಂದೊಡನೆ ಕಂಪು, ಸೊಗಸು ಎಂದು ಅರ್ಥ ಬರೆದು ಮುಂದೆ ಸಾಗುವ ವ್ಯಾಖ್ಯಾನವು ಈ ಬಯಲಿನ ಓದುಗನಿಗೆ ಸಾಲದು. ಹಾಗೆಂದು ಹಳೆಯ ಕವಿಸಮಯವನ್ನು ತಳ್ಳಿಹಾಕಬೇಕಾಗಿಲ್ಲ. ಅದು ತುಂಬಿ ಹೂವುಗಳ ಹೊಂದಿಕೆಯುಳ್ಳ ನೆಲದ ಮಾತು. ಆ ಹೊಂದಿಕೆ ತಪ್ಪಿದ ನೆಲವನ್ನು ವರ್ಣಿಸುವ ಇಂದಿನ ಕವಿಯು ಅದನ್ನೇ ಎರವಲು ತಂದರೆ ಮಾತ್ರ ಅನೌಚಿತ್ಯ. ಶಾಸ್ತ್ರದ ನಿಷ್ಕೃಷ್ಟತೆಯು ರಸಕ್ಕೆ ವಿರೋಧಿಯಲ್ಲವೆಂಬುದಕ್ಕೆ, 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಸಾಕ್ಷಿಯಾಗಿದೆ. ಪದ್ಯದ ಹೂವನ್ನೂ ಬೇಲಿಯ ಹೂವನ್ನೂ ಒಟ್ಟಿಗೆ ತೋರಿಸಬಲ್ಲ ಅಧ್ಯಾಪಕನೇ ಪಂಪನ ಹಂಬಲದ ಬೆಲೆಯನ್ನು ತಿಳಿಸಬಲ್ಲನು.